ಮನೆ ನೆನಪೂ ಒಂದು ಕಾಯಿಲೆಯಾಗಿತ್ತು

1/6
ಹಾಸ್ಟೆಲ್‌ಗೆ ಸೇರಿದ ಮೊದಲ ವಾರ ರಾತ್ರಿ ಹೊದಿಕೆ ಎಳ್ಕೊಂಡು ಅತ್ತವರು ಇಲ್ಲಿ ಎಷ್ಟು ಜನ ಇದ್ದೀರ? ಕೈ ಎತ್ತೋದೇನೂ ಬೇಡ, ಸುಮ್ನೆ ಓದಿ. ಇವತ್ತಿನ ಕಥೆ ನಮ್ಮ ವಯಸ್ಸಿನ ಹುಡುಗರದು. ಅಮೆರಿಕದ ಅಂತರ್ಯುದ್ಧ, 1861ರಿಂದ 1865. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ 11 ರಾಜ್ಯಗಳು ಬೇರೆಯಾದವು, ದೇಶ ಒಡೆಯೋಕೆ ಬಿಡಲ್ಲ ಅಂತ ಉತ್ತರದವರು ನಿಂತರು. ಎರಡೂ ಕಡೆ ಸೈನ್ಯಕ್ಕೆ ಸೇರಿದವರಲ್ಲಿ ರೈತರ ಮಕ್ಕಳೇ ಜಾಸ್ತಿ. ಮನೆ ಬಿಟ್ಟು ಅಷ್ಟು ದೂರ ಹೋಗಿದ್ದು ಎಷ್ಟೋ ಜನರಿಗೆ ಅದೇ ಮೊದಲು.

2/6
ಯುದ್ಧ ಅಂದ್ರೆ ದಿನಾ ಗುಂಡಿನ ಸದ್ದು ಅಂದ್ಕೊಂಡಿದ್ದೀರಾ? ಇಲ್ಲ. ಹೆಚ್ಚಿನ ದಿನ ಕಳೆದದ್ದು ಕ್ಯಾಂಪ್‌ನಲ್ಲಿ. ಬೆಳಿಗ್ಗೆ ಡ್ರಿಲ್, ಮಧ್ಯಾಹ್ನ ಮತ್ತೆ ಡ್ರಿಲ್. ಯುದ್ಧದ ಹೆಚ್ಚಿನ ಕಾಲ ಉತ್ತರದ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ. ಊಟಕ್ಕೆ ಉಪ್ಪು ಹಾಕಿಟ್ಟ ಹಂದಿಮಾಂಸ, ಮತ್ತೆ ಹಿಟ್ಟು ನೀರು ಕಲಸಿ ಸುಟ್ಟ ಬಿಸ್ಕತ್ತು. ಹೆಸರು ಹಾರ್ಡ್‌ಟ್ಯಾಕ್. ಕಲ್ಲಿನಷ್ಟು ಗಟ್ಟಿ. ಅದರಲ್ಲಿ ಹುಳ ಇರ್ತಿತ್ತು ಅಂತ ಹುಡುಗರು ಅದಕ್ಕೆ ‘ಹುಳದ ಕೋಟೆ’ ಅಂತ ಹೆಸರಿಟ್ಟಿದ್ರು! ಬಿಸಿ ಕಾಫಿಗೆ ಅದ್ದಿದ್ರೆ ಹುಳ ಮೇಲೆ ತೇಲೋದು. ತೆಗೆದು ಚೆಲ್ಲಿ, ಕಾಫಿ ಕುಡಿಯೋದು.

3/6
ಚಳಿಗಾಲ ಬಂದ್ರೆ ಮರದ ದಿಮ್ಮಿ ಜೋಡಿಸಿ, ಸಂದಿಗೆ ಮಣ್ಣು ಮೆತ್ತಿ ಸಣ್ಣ ಗುಡಿಸಲು ಕಟ್ಟಿಕೊಳ್ಳೋರು. ಇಕ್ಕಟ್ಟು, ಕೊಳಕು ನೀರು. ದಡಾರ, ಆಮಶಂಕೆ, ಟೈಫಾಯ್ಡ್ ಕ್ಯಾಂಪ್ ತುಂಬಾ ಹರಡಿದವು. ಹಳ್ಳಿಯಲ್ಲಿ ಬೆಳೆದು ಚಿಕ್ಕಂದಿನಲ್ಲಿ ದಡಾರ ಬಾರದ ಹುಡುಗರು ಬೇಗ ಮಲಗಿಬಿಟ್ಟರು. ಈ ಯುದ್ಧದಲ್ಲಿ ಸತ್ತ ಸೈನಿಕರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ಸತ್ತದ್ದು ಗುಂಡಿನಿಂದಲ್ಲ, ರೋಗದಿಂದ.

4/6
ಇವರಿಗೆಲ್ಲ ಇದ್ದ ಒಂದೇ ದಾರಿ ಕಾಗದ. ಸ್ಟ್ಯಾಂಪಿಗೆ ಕಾಸಿಲ್ಲದಿದ್ರೆ ಉತ್ತರದ ಸಿಪಾಯಿ ಲಕೋಟೆ ಮೇಲೆ ‘ಸೈನಿಕನ ಪತ್ರ’ ಅಂತ ಬರೆಸಿ ಕಳಿಸಬಹುದಿತ್ತು, ದುಡ್ಡು ಮನೆಯವರು ಕೊಟ್ಟು ಬಿಡಿಸಿಕೊಳ್ಳಬೇಕು. ಓದು ಬರಹ ಬಾರದವನು ಗೆಳೆಯನ ಹತ್ತಿರ ಬರೆಸ್ತಿದ್ದ. ಟಪಾಲು ಬಂದ ದಿನ ತನ್ನ ಹೆಸರು ಕೂಗದೇ ಇದ್ರೆ ಹೇಗಿರುತ್ತೆ, ನೀವೇ ಯೋಚನೆ ಮಾಡಿ.

5/6
ಈಗ ವಿಷಯಕ್ಕೆ ಬರೋಣ. ‘ನಾಸ್ಟಾಲ್ಜಿಯಾ’ ಅಂತ ನಾವು ಹಳೇ ಫೋಟೋ ಕೆಳಗೆ ಹಾಕ್ತೀವಲ್ಲ, ಆ ಪದ ಹುಟ್ಟಿದ್ದೇ ಕಾಯಿಲೆಯ ಹೆಸರಾಗಿ. 1688ರಲ್ಲಿ ಯೊಹಾನಸ್ ಹೋಫರ್ ಅನ್ನೋ ವೈದ್ಯ ವಿದ್ಯಾರ್ಥಿ ಎರಡು ಗ್ರೀಕ್ ಪದ ಸೇರಿಸಿ ಮಾಡಿದ್ದು: ಮನೆಗೆ ಮರಳುವುದು, ನೋವು. ಅಂತರ್ಯುದ್ಧದಲ್ಲಿ ಉತ್ತರದ ಸೇನಾ ವೈದ್ಯರು ಇದೇ ಹೆಸರಲ್ಲಿ 5,000ಕ್ಕೂ ಹೆಚ್ಚು ರೋಗಿಗಳನ್ನು ದಾಖಲಿಸಿದ್ದಾರೆ. ಅದರಲ್ಲಿ 74 ಸಾವು. ಊಟ ಸೇರದೆ, ನಿದ್ದೆ ಬಾರದೆ ಸೊರಗಿದವರಿಗೆ ಬೇರೆ ರೋಗಗಳೂ ಅಂಟಿದ್ದಿರಬಹುದು. ಆದ್ರೂ ವೈದ್ಯರು ಕಾರಣ ಅಂತ ಬರೆದದ್ದು ಮನೆಯ ನೆನಪನ್ನ. ಕೆಲವರು ಇದನ್ನ ಪುಕ್ಕಲುತನ ಅಂದ್ರು. ಇನ್ನು ಕೆಲವರು ಇದಕ್ಕೆ ರಜೆ ಕೊಟ್ಟು ಊರಿಗೆ ಕಳಿಸೋದೇ ಮದ್ದು ಅಂದ್ರು.

6/6
ಆ ಮದ್ದು ಕೆಲಸ ಮಾಡಿದ್ದೂ ಉಂಟು. 1862ರ ಡಿಸೆಂಬರ್‌ನಲ್ಲಿ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಸೋತ ಮೇಲೆ ಉತ್ತರದ ಸೈನ್ಯದಿಂದ ಹುಡುಗರು ಗುಂಪುಗುಂಪಾಗಿ ತಪ್ಪಿಸಿಕೊಂಡು ಹೋಗ್ತಿದ್ರು. ಜನವರಿಯಲ್ಲಿ ಹೊಸ ಸೇನಾಪತಿ ಜೋಸೆಫ್ ಹೂಕರ್ ಬಂದ. ಮೆತ್ತನೆ ಬ್ರೆಡ್, ತರಕಾರಿ, ಸರದಿ ಪ್ರಕಾರ ಊರಿಗೆ ರಜೆ ಕೊಡಿಸಿದ. ಓಡಿಹೋಗೋದು ಕಡಿಮೆಯಾಯ್ತು, ಸೈನ್ಯಕ್ಕೆ ಜೀವ ಬಂತು. ಮೇ ತಿಂಗಳಲ್ಲಿ ಅವನೂ ಚಾನ್ಸಲರ್ಸ್‌ವಿಲ್‌ನಲ್ಲಿ ಸೋತ, ಅದು ಬೇರೆ ಮಾತು.

ಅದೇ ಡಿಸೆಂಬರ್ 30ರ ರಾತ್ರಿ, ಟೆನೆಸ್ಸಿಯ ಸ್ಟೋನ್ಸ್ ರಿವರ್ ಹತ್ತಿರ ಎರಡೂ ಸೈನ್ಯ ಎದುರುಬದುರು ಬೀಡುಬಿಟ್ಟಿದ್ವು. ಬ್ಯಾಂಡ್‌ನವರು ಪೈಪೋಟಿ ಮೇಲೆ ತಮ್ಮ ತಮ್ಮ ಹಾಡು ನುಡಿಸ್ತಿದ್ರು. ಕೊನೆಗೆ ಒಂದು ಬ್ಯಾಂಡ್ ‘ಹೋಮ್ ಸ್ವೀಟ್ ಹೋಮ್’ ಶುರು ಮಾಡ್ತು. ಎದುರು ಕಡೆಯವರೂ ದನಿಗೂಡಿಸಿದ್ರು. ಬೆಳಗಾದ ಮೇಲೆ ಯುದ್ಧ. ಮೂರು ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 23,000ಕ್ಕೂ ಹೆಚ್ಚು.

ಮನೆ ನೆನಪಾದ್ರೆ ನಾಚಿಕೆ ಬೇಡ. ಬಂದೂಕು ಹಿಡಿದವರಿಗೂ ಆಗಿದೆ. ಪಕ್ಕದ ರೂಮಿನ ಹೊಸ ಹುಡುಗ ಎರಡು ದಿನದಿಂದ ಮೆಸ್‌ಗೆ ಬಂದಿಲ್ಲ ಅಂದ್ರೆ, ರೇಗಿಸಬೇಡಿ. ಒಂದು ಕಾಫಿ ತಗೊಂಡು ಹೋಗಿ.

#ಇತಿಹಾಸ #ಅಮೆರಿಕದಅಂತರ್ಯುದ್ಧ #ಮನೆನೆನಪು