ಬೆತ್ತ ಹೋಯಿತು, ಭಯ ಹೋಯಿತೆ?

‘ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ ಶಾಲೆಯ ಅಂಗಳಕ್ಕೆ ಒಪ್ಪುವಷ್ಟು ಬೇರೆಲ್ಲಿಗೂ ಒಪ್ಪದೇನೋ. ದೊಡ್ಡ ಹುಡುಗರು ಚಿಕ್ಕವನ ತಿಂಡಿಯ ಡಬ್ಬಿ ಕಸಿದುಕೊಳ್ಳುವುದು, ತೊದಲುವವನನ್ನು ದಿನವೂ ಅಣಕಿಸುವುದು, ಒಬ್ಬಳನ್ನು ಆಟಕ್ಕೆ ಸೇರಿಸದೆ ತಿಂಗಳುಗಟ್ಟಲೆ ದೂರವಿಡುವುದು ಇವನ್ನೆಲ್ಲ ಹಿರಿಯರು ಬಹುಕಾಲ ‘ಹುಡುಗಾಟ’ ಎಂದೇ ಕರೆದರು. ಇದು ಆಟವಲ್ಲ, ಪೀಡನೆ, ತಡೆಯಬೇಕಾದವರು ಮೇಷ್ಟ್ರು, ತಡೆಯುವುದು ಹೇಗೆಂದು ಅವರಿಗೂ ಕಲಿಸಬೇಕು ಎಂಬ ತಿಳಿವಳಿಕೆ ಮೂಡಿದ್ದು ತೀರ ಈಚೆಗೆ. ಇಷ್ಟು ತಡವಾದದ್ದೇಕೆ ಎಂಬ ಪ್ರಶ್ನೆಗೆ ಕನ್ನಡ ನಾಡಿನ ಶಾಲೆಗಳ ಇತಿಹಾಸದಲ್ಲೇ ಉತ್ತರವಿದೆ.

ಅಂಗೈ ಮೇಲಿನ ಸರಸ್ವತಿ

ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತ್ಯದ ಎಲ್ಲ ಜಿಲ್ಲೆಗಳಿಂದ ಊರ ಶಾಲೆಗಳ ವಿವರ ಕೇಳಿದ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಕಳುಹಿಸಿದ ವರದಿ ಇಂದಿಗೂ ಓದಿಸಿಕೊಳ್ಳುತ್ತದೆ. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡಿಗರು ಕೂಲಿಮಠ, ಐಗಳ ಮಠ ಎಂದು ಕರೆಯುತ್ತಿದ್ದ ಬಗೆಯ ಶಾಲೆಗಳಿವು.

ಪಾಠ ಬೆಳಗಿನ ಆರು ಗಂಟೆಗೆ ಶುರು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆತ್ತನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಬಂದವರಿಗೆಲ್ಲ ಒಂದೊಂದು ಏಟು ಹೆಚ್ಚು. ಸೋಮಾರಿಗಳಿಗೆ ಚಡಿಯೇಟು, ಅದು ಸಾಲದಾದರೆ ಎರಡು ಕೈಗಳನ್ನೂ ಕಟ್ಟಿ ಸೂರಿಗೆ ನೇತುಹಾಕುವುದು, ಇಲ್ಲವೇ ಬಿಡುವಿಲ್ಲದೆ ಕೂತು ಏಳಿಸುವುದು. ಹಳಬರ ನೆನಪಿನಲ್ಲಿ ಉಳಿದಿರುವ ‘ಕೋದಂಡ’ ಮತ್ತು ‘ಬಸ್ಕಿ’ ಇವೇ.

ಈ ಶಿಕ್ಷೆಗಳು ಕ್ಯಾಂಬೆಲ್‌ಗೆ ಕ್ರೂರವೆನಿಸಿದವು. ಆದರೆ ಅದೇ ಶಾಲೆಯ ಇನ್ನೊಂದು ಪದ್ಧತಿಯನ್ನು ಆತ ಮನಸಾರೆ ಮೆಚ್ಚಿದ. ಮುಂದುವರಿದ ಹುಡುಗರು ಹಿಂದಿದ್ದವರಿಗೆ ಕಲಿಸುವ ಪದ್ಧತಿ ಅದು. ಒಬ್ಬನೇ ಐಗಳು ಎಲ್ಲರನ್ನೂ ನೋಡಿಕೊಳ್ಳಲಾರದೆ, ಕೆಳಗಿನ ಮಕ್ಕಳ ಉಸ್ತುವಾರಿಯನ್ನು ಹಿರಿಯ ಹುಡುಗರಿಗೆ ವಹಿಸುತ್ತಿದ್ದ. ಮದ್ರಾಸಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಈ ಉಪಾಯವನ್ನೇ ತನ್ನ ಶಾಲೆಯಲ್ಲಿ ಬಳಸಿ, 1797ರಲ್ಲಿ ಇಂಗ್ಲೆಂಡಿಗೆ ಪರಿಚಯಿಸಿದ. ಅಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದು ಹೆಸರಾಯಿತು.

ಕಡಿಮೆ ಖರ್ಚಿನಲ್ಲಿ ಹೆಚ್ಚು ಮಕ್ಕಳಿಗೆ ಅಕ್ಷರ ಕಲಿಸಿದ್ದು ಈ ಪದ್ಧತಿಯ ಹೆಚ್ಚುಗಾರಿಕೆ. ಅದರ ಮಗ್ಗುಲಲ್ಲೇ ಒಂದು ಅಪಾಯವೂ ಇತ್ತು. ದೊಡ್ಡವನಿಗೆ ಚಿಕ್ಕವನ ಮೇಲೆ ಅಧಿಕಾರ ದೊರೆಯಿತು. ಅಧಿಕಾರ ನಡೆಸುವ ಬಗೆ ಹೇಗೆಂದು ಆತ ಕಲಿತದ್ದು ಐಗಳ ಕೈಯ ಚಡಿಯಿಂದ. ಮೇಷ್ಟ್ರು ಹೊರಗೆ ಹೋದಾಗ ಗಲಾಟೆ ಮಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವ ‘ಲೀಡರ್’ ಆ ಹಿರಿಯ ಹುಡುಗನ ವಂಶದವನೇ.

ಪಾಠ ಕಲಿತ ಮೇಷ್ಟ್ರು

ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆ ತಂದ. ಶಾಲೆಗಳು ಹೆಚ್ಚಿದಂತೆ ಅವುಗಳಿಗೆ ತಕ್ಕ ಮೇಷ್ಟ್ರುಗಳನ್ನು ತಯಾರು ಮಾಡುವ ನಾರ್ಮಲ್ ಸ್ಕೂಲುಗಳೂ ಬಂದವು. ಮುಂಬೈ ಪ್ರಾಂತ್ಯದ ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಇಂಥ ಶಾಲೆಯ ಮುಖ್ಯಸ್ಥರಾಗಿದ್ದು ಕನ್ನಡ ಶಾಲೆಗಳಿಗೆ ಜೀವ ತುಂಬಿದರು. ಅಲ್ಲಿಂದ ಮುಂದೆ ಒಂದು ಶತಮಾನ ಕಾಲ ಶಿಕ್ಷಕ ತರಬೇತಿಯೆಂದರೆ ಪಾಠಕ್ರಮ, ಲೆಕ್ಕ ಹೇಳಿಕೊಡುವ ರೀತಿ, ಹಾಜರಿ ಪುಸ್ತಕ, ಶಿಸ್ತು ಎಂದಾಯಿತು. ಶಿಸ್ತೆಂದರೆ ತರಗತಿ ಸದ್ದಿಲ್ಲದೆ ಕೂರುವುದು. ಆ ಮೌನ ಗಮನದಿಂದ ಬಂದದ್ದೋ, ಭಯದಿಂದ ಬಂದದ್ದೋ ಎಂದು ಕೇಳುವುದು ತರಬೇತಿಯ ಭಾಗವಾಗಲಿಲ್ಲ. ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬ ಮಾತು ಮನೆಮನೆಯಲ್ಲೂ ನಿಂತಿತು. ‘ಎರಡು ಬಿಗೀರಿ ಸಾರ್’ ಎಂದು ಮಗನನ್ನು ಒಪ್ಪಿಸಿಹೋಗುವ ತಂದೆಯರಿಗೂ ಕೊರತೆಯಿರಲಿಲ್ಲ.

ಎಲ್ಲ ಭಯವೂ ಬೆತ್ತದ್ದಾಗಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗೆ ಶಾಲೆಯ ಹೊಸಿಲೇ ಅವಮಾನದ ಜಾಗವಾಗಿತ್ತು. ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ 1892ರಲ್ಲಿ ಕುದ್ಮುಲ್ ರಂಗರಾಯರು ಅಂಥ ಮಕ್ಕಳಿಗೆಂದೇ ಶಾಲೆ ತೆರೆಯಬೇಕಾಯಿತು. ಅದಕ್ಕಾಗಿ ಅವರು ತಮ್ಮ ಜಾತಿಯವರ ಬಹಿಷ್ಕಾರವನ್ನೂ ಎದುರಿಸಿದರು. ಹುಟ್ಟು, ಬಣ್ಣ, ಭಾಷೆ, ಬಡತನಗಳನ್ನು ಹಿಡಿದು ಒಬ್ಬನನ್ನು ಹೀಯಾಳಿಸುವುದನ್ನು ಮಕ್ಕಳು ತಾವಾಗಿ ಕಂಡುಹಿಡಿಯುವುದಿಲ್ಲ. ದೊಡ್ಡವರ ಲೋಕದಿಂದ ಹೊತ್ತು ತರುತ್ತಾರೆ.

ಹುಡುಗಾಟವಲ್ಲ

ಮಕ್ಕಳ ನಡುವಣ ಪೀಡನೆಯನ್ನು ಒಂದು ಪ್ರತ್ಯೇಕ ವಿಷಯವೆಂದು ಜಗತ್ತು ಅರಿತದ್ದು ನಾರ್ವೆ ದೇಶದಿಂದ. 1982ರ ಕೊನೆಯಲ್ಲಿ ಅಲ್ಲಿನ ಉತ್ತರ ಭಾಗದಲ್ಲಿ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಒಡನಾಡಿಗಳ ಕಾಟವೇ ಕಾರಣವಿರಬೇಕೆಂದು ತಿಳಿದಾಗ ದೇಶವೇ ಬೆಚ್ಚಿತು. ಮರುವರ್ಷ ಸರ್ಕಾರ ರಾಷ್ಟ್ರವ್ಯಾಪಿ ಆಂದೋಲನ ಹೂಡಿತು. ಮನಃಶಾಸ್ತ್ರಜ್ಞ ಡಾನ್ ಓಲ್ವೇಯಸ್ ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಎರಡೂವರೆ ವರ್ಷ ಗಮನಿಸಿದರು. ಪೀಡನೆಯ ಪ್ರಕರಣಗಳು ಅರ್ಧದಷ್ಟು ಇಳಿದವು.

ಅವರ ಕ್ರಮದಲ್ಲಿ ಪವಾಡವೇನೂ ಇರಲಿಲ್ಲ. ಇದ್ದದ್ದು ಶಿಕ್ಷಕರ ಕೆಲಸ. ಜಗಳಕ್ಕೂ ಪೀಡನೆಗೂ ಇರುವ ವ್ಯತ್ಯಾಸವನ್ನು ಅವರು ಮೊದಲು ಅರಿಯಬೇಕು. ಸಮಬಲರ ನಡುವೆ ಒಮ್ಮೆ ನಡೆದದ್ದು ಜಗಳ. ಬಲವುಳ್ಳವನು ಎದುರು ನಿಲ್ಲಲಾರದವನನ್ನು ಮತ್ತೆ ಮತ್ತೆ ನೋಯಿಸುವುದು ಪೀಡನೆ. ಅದು ತರಗತಿಗಿಂತ ಬಿಡುವಿನ ವೇಳೆಯಲ್ಲಿ ನಡೆಯುವುದೇ ಹೆಚ್ಚು. ಆದ್ದರಿಂದ ಬೆಲ್ ಹೊಡೆದ ಕೂಡಲೇ ಎಲ್ಲ ಶಿಕ್ಷಕರೂ ಸ್ಟಾಫ್ ರೂಮು ಸೇರುವಂತಿಲ್ಲ. ನಿಯಮಗಳನ್ನು ಮಕ್ಕಳೊಡನೆ ಕೂತು ಮಾಡಬೇಕು. ತಪ್ಪಿತಸ್ಥನಿಗೆ ಅದರ ಫಲ ಸಿಗಬೇಕು, ಆದರೆ ಅವಮಾನ ಕೂಡದು. ಎರಡೂ ಮನೆಯವರನ್ನು ಕರೆದು ಮಾತಾಡಬೇಕು. ಸುತ್ತ ನಿಂತು ನಗುವವರನ್ನು ಮರೆಯಬಾರದು. ಅವರು ನಗದಿದ್ದರೆ ಪೀಡಕನ ಅರ್ಧ ಬಲ ಅಲ್ಲೇ ಉಡುಗುತ್ತದೆ.

ಕಾನೂನು ಮತ್ತು ಕಲಿಕೆ

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಕೆಲಸ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರಂಭವಾಯಿತು. 1970ರ ದಶಕದ ಉತ್ತರಾರ್ಧದಲ್ಲೇ ಮಾಳವಿಕಾ ಕಪೂರ್ ಅವರು, ಮಂಕಾಗಿ ಕೂತ ಅಥವಾ ಹಟಮಾರಿಯಾದ ಮಗುವಿನ ಕಷ್ಟವನ್ನು ಗುರುತಿಸುವಂತೆ ಶಾಲಾ ಶಿಕ್ಷಕರಿಗೆ ತರಬೇತಿ ಕೊಡತೊಡಗಿದ್ದರು. ಪ್ರತಿ ಶಾಲೆಗೂ ಮನೋವೈದ್ಯರು ಸಿಗುವುದು ಅಸಾಧ್ಯ, ಮೇಷ್ಟ್ರು ಇದ್ದೇ ಇರುತ್ತಾರೆ ಎಂಬುದು ಇದರ ಹಿಂದಿನ ಸರಳ ವಿವೇಕ. ಮುಂದೆ ಅದೇ ಸಂಸ್ಥೆ ಪ್ರೌಢಶಾಲೆಗಳಿಗಾಗಿ ಜೀವನ ಕೌಶಲ ಶಿಕ್ಷಣದ ಕಾರ್ಯಕ್ರಮ ರೂಪಿಸಿತು. ಕೋಪವನ್ನು ಹಿಡಿತದಲ್ಲಿಡುವುದು, ಬೇಡವೆನಿಸಿದ್ದಕ್ಕೆ ‘ಬೇಡ’ ಎನ್ನುವುದು, ಇನ್ನೊಬ್ಬರ ನೋವು ಅರಿಯುವುದು ಇವನ್ನೆಲ್ಲ ಆಟ, ಚರ್ಚೆ, ಅಭಿನಯದ ಮೂಲಕ ಶಿಕ್ಷಕರೇ ನಡೆಸುವ ಪಾಠಗಳಾಗಿಸಿತು. ಒಂದು ವರ್ಷ ಇದನ್ನು ಕಲಿತ 605 ಮಕ್ಕಳನ್ನು ಕಲಿಯದ 423 ಮಕ್ಕಳೊಡನೆ ಹೋಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕಲಿತವರಲ್ಲಿ ಆತ್ಮವಿಶ್ವಾಸವೂ ಶಿಕ್ಷಕರೊಡನೆ, ಶಾಲೆಯೊಡನೆ ಹೊಂದಿಕೆಯೂ ಹೆಚ್ಚಿದ್ದವು.

ಕೆಳಗಿನ ತರಗತಿಗಳಲ್ಲಿ ಬೇರೊಂದು ಬದಲಾವಣೆ ನಡೆದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ಯಲ್ಲಿ ಮೇಷ್ಟ್ರು ಕುರ್ಚಿ ಬಿಟ್ಟು ಮಕ್ಕಳ ಗುಂಪಿನ ನಡುವೆ ನೆಲಕ್ಕೆ ಕೂತರು. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕಲಿತರು. ಕೂಲಿಮಠದಲ್ಲೂ ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಆದರೆ ಇಲ್ಲಿ ಕೈಗೆ ಬಂದದ್ದು ಕಲಿಕೆಯ ಕಾರ್ಡು, ಚಡಿಯಲ್ಲ.

ಕಾನೂನು ಈ ಹೊತ್ತಿಗೆ ಒಂದೊಂದೇ ಹೆಜ್ಜೆ ಇಡುತ್ತಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ದೈಹಿಕ ಶಿಕ್ಷೆ ಸಲ್ಲದೆಂದಿತು. 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆ, ತಮಾಷೆಯ ಹೆಸರಿನಲ್ಲಾದರೂ ವಿದ್ಯಾರ್ಥಿಯ ಘನತೆಗೆ ಕುಂದು ತರುವ ರ‍್ಯಾಗಿಂಗ್ ಅನ್ನು ಅಪರಾಧವೆಂದಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ಏಟನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. 2016ರಲ್ಲಿ ರಾಜ್ಯ ಸರ್ಕಾರ ಮಕ್ಕಳ ರಕ್ಷಣಾ ನೀತಿಯನ್ನು ಹೊರಡಿಸಿತು.

ಆದರೆ ಕಾನೂನಿನ ಕೆಲಸ ಕೈಯಿಂದ ಬೆತ್ತ ಕಸಿಯುವುದು. ಖಾಲಿಯಾದ ಆ ಕೈಗೆ ಏನು ಕೊಡಬೇಕೆಂದು ಹೇಳಬೇಕಾದದ್ದು ತರಬೇತಿ. ‘ಹೊಡೆಯಬೇಡಿ’ ಎಂದಷ್ಟೇ ಕೇಳಿಸಿಕೊಂಡ ಶಿಕ್ಷಕರಲ್ಲಿ ಕೆಲವರು ನಾಲಿಗೆಯನ್ನೇ ಬೆತ್ತ ಮಾಡಿಕೊಂಡರು: ‘ದಡ್ಡ’, ‘ಕುಳ್ಳ’, ‘ಲಾಸ್ಟ್ ಬೆಂಚು’. ಮೇಷ್ಟ್ರಿಟ್ಟ ಅಡ್ಡಹೆಸರು ಸಂಜೆಯೊಳಗೆ ಇಡೀ ಶಾಲೆಯ ಬಾಯಲ್ಲಿರುತ್ತದೆ. ಇನ್ನು ಕೆಲವರು ‘ನಮಗೇಕೆ ಉಸಾಬರಿ’ ಎಂದು ಕಣ್ಣು ಮುಚ್ಚಿದರು. ಎರಡರಿಂದಲೂ ಲಾಭವಾದದ್ದು ಪೀಡಕನಿಗೆ.

ಇದರ ಬಿಸಿ ಹೆಚ್ಚು ತಟ್ಟುವುದು ಬೆಳೆಯುತ್ತಿರುವ ಊರುಗಳಿಗೆ. ಬೆಂಗಳೂರಿನ ವಾಯವ್ಯಕ್ಕೆ ತುಮಕೂರು ರಸ್ತೆಯಲ್ಲಿರುವ ಮಾಕಳಿ ಅಂಥದೊಂದು. ಹೊಲಗದ್ದೆಗಳ ಹಳ್ಳಿಗೆ ಕಾರ್ಖಾನೆಗಳು ಬಂದವು, ಗೋದಾಮುಗಳು ಬಂದವು. 2024ರ ನವೆಂಬರಿನಲ್ಲಿ ಪಕ್ಕದ ಮಾದಾವರದವರೆಗೆ ಮೆಟ್ರೊ ರೈಲೂ ಬಂತು. ಕೆಲಸ ಹುಡುಕಿ ಬಂದವರ ಮಕ್ಕಳು ಸೇರುವ ಇಂಥ ಕಡೆಯ ತರಗತಿಯಲ್ಲಿ ರಾಯಚೂರಿನ ಕನ್ನಡ, ಬೆಂಗಳೂರಿನ ಕನ್ನಡ, ತೆಲುಗು, ಉರ್ದು, ಹಿಂದಿ ಒಂದೇ ಬೆಂಚಿನಲ್ಲಿ ಕೂರಬೇಕು. ವರ್ಷದ ನಡುವೆ ಬಂದು ಸೇರಿದ, ಉಚ್ಚಾರಣೆ ಬೇರೆಯಾದ, ಜೊತೆಗೆ ಅಣ್ಣ ಅಕ್ಕ ಇಲ್ಲದ ಮಗು ಪೀಡಕನಿಗೆ ಸುಲಭದ ತುತ್ತು. ಮನೆಯಲ್ಲಿ ತಂದೆ ತಾಯಿ ಇಬ್ಬರೂ ದುಡಿಮೆಗೆ ಹೋದರೆ, ಆ ಮಗುವಿನ ಮುಖ ಬಾಡಿದ್ದನ್ನು ಹಗಲು ಕಾಣಬಲ್ಲ ಹಿರಿಯರೆಂದರೆ ಮೇಷ್ಟ್ರು ಅಥವಾ ಮಿಸ್ ಮಾತ್ರ.

ಆ ಬಾಡಿದ ಮುಖವನ್ನು ಓದುವುದನ್ನೂ ಲೆಕ್ಕ, ವಿಜ್ಞಾನಗಳಂತೆ ಕಲಿಸಬಹುದು. ದೂರು ಹೇಳಲು ಬಂದವನನ್ನು ‘ಚಾಡಿಕೋರ’ ಎನ್ನದಿರುವುದು, ಎಲ್ಲರೆದುರು ವಿಚಾರಿಸದೆ ಒಬ್ಬೊಬ್ಬರನ್ನೇ ಕರೆದು ಕೇಳುವುದು, ಬಲವಂತದ ‘ಸಾರಿ’ಗೆ ಕಡತ ಮುಚ್ಚದೆ ವಾರದ ಮೇಲೆ ಮತ್ತೆ ವಿಚಾರಿಸುವುದು, ಶೌಚಾಲಯದ ಹಿಂಬದಿ ಮತ್ತು ಗೇಟಿನಾಚೆಯ ದಾರಿಯ ಮೇಲೂ ಒಂದು ಕಣ್ಣಿಡುವುದು ಇವೇ ಅದರ ಪಾಠಗಳು. ಇವಕ್ಕೆ ದೊಡ್ಡ ಕಟ್ಟಡ ಬೇಡ, ಯಂತ್ರ ಬೇಡ. ಸಮಯ ಬೇಕು, ವರ್ಷಕ್ಕೊಂದು ದಿನದ ಭಾಷಣದಲ್ಲಿ ಮುಗಿಯದ ಅಭ್ಯಾಸ ಬೇಕು, ನೂರೆಂಟು ದಾಖಲೆ ತುಂಬುವ ಕೆಲಸದಿಂದ ಶಿಕ್ಷಕರಿಗೆ ಸ್ವಲ್ಪ ಬಿಡುವೂ ಬೇಕು.

ಬಳ್ಳಾರಿಯ ಹುಡುಗರು ಬೆಳಗಿನ ಜಾವಕ್ಕೇ ಓಡೋಡಿ ಬರುತ್ತಿದ್ದದ್ದು ಅಂಗೈ ಮೇಲಿನ ಸರಸ್ವತಿಗಾಗಿಯೋ, ಏಟಿನ ಲೆಕ್ಕಕ್ಕೆ ಹೆದರಿಯೋ ಕ್ಯಾಂಬೆಲ್ ಬರೆಯಲಿಲ್ಲ. ಆಗ ಹುಡುಗರನ್ನು ಯಾರೂ ಕೇಳುತ್ತಿರಲಿಲ್ಲ. ಇಂದು ಕೇಳಬಹುದು. ಎಲ್ಲರಿಗಿಂತ ಚಿಕ್ಕ ಮಗು ತನಗಾದದ್ದನ್ನು ಹೆಸರು ಹಿಡಿದು ತನ್ನ ಮೇಷ್ಟ್ರಿಗೆ ಹೇಳಬಲ್ಲುದೇ, ಹೇಳಿದ ಮರುದಿನ ಹೆದರದೆ ಶಾಲೆಗೆ ಬರಬಲ್ಲುದೇ ಎಂಬುದೇ ಆ ತರಬೇತಿಗೆ ಇಡಬೇಕಾದ ಪರೀಕ್ಷೆ.