ಗುರುತಿಗೆ ಗುರುತು: ಎಂಜಿನ್ ಟೈಮಿಂಗಿನ ಒಂದಿಷ್ಟು ಇತಿಹಾಸ

ಚಳ್ಳಕೆರೆ ಅಂದ್ರೆ ಶೇಂಗಾ ಎಣ್ಣೆ, ಮೊಳಕಾಲ್ಮೂರು ಅಂದ್ರೆ ರೇಷ್ಮೆ ಸೀರೆ. ಹೊರಗಿನವರಿಗೆ ಗೊತ್ತಿರೋದು ಹೆಚ್ಚೂಕಮ್ಮಿ ಇಷ್ಟೇ. ಆದರೆ ಎಣ್ಣೆ ಡಬ್ಬಿಯಾಗಲಿ ಸೀರೆ ಗಂಟಾಗಲಿ ಊರು ದಾಟಬೇಕಾದರೆ ಗಾಡಿ ಬೇಕಲ್ಲ! ತಳುಕು ದಾಟಿ ಬಳ್ಳಾರಿ ಕಡೆ ಸಾಗುವ ಆ ಬಿಸಿಲಿನ ರಸ್ತೆಯಲ್ಲಿ ಗಾಡಿಗಳನ್ನು ಓಡುವಂತೆ ಇಟ್ಟ ಒಂದು ವಿದ್ಯೆಯ ಬಗ್ಗೆ ಇವತ್ತು ಬರೆಯೋಣ ಅನ್ನಿಸಿತು. ಪೂರ್ತಿ ಬಿಚ್ಚಿದ ಎಂಜಿನ್ನನ್ನು ಮತ್ತೆ ಜೋಡಿಸುವಾಗ ಟೈಮಿಂಗ್ ಕೂಡಿಸುವ ವಿದ್ಯೆ.

ಟೈಮಿಂಗ್ ಅಂದರೆ ತಾಳ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಸರಿಯಾಗಿ ವಾಲ್ವ್ ಮುಚ್ಚಿರಬೇಕು, ಕಿಡಿ ಹಾರಬೇಕು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದೇ ಸುತ್ತು. ಅದಕ್ಕೇ ಕ್ಯಾಮ್ ಗೇರಿಗೆ ದುಪ್ಪಟ್ಟು ಹಲ್ಲು. ಎರಡೂ ಗೇರುಗಳ ಮೇಲೆ ಕಂಪನಿಯವರು ಒಂದೊಂದು ಚುಕ್ಕೆ ಹೊಡೆದಿರುತ್ತಾರೆ. ಗುರುತಿಗೆ ಗುರುತು ಕೂಡಿಸಿ ಚೈನ್ ಹಾಕಬೇಕು. ಒಂದು ಹಲ್ಲು ಆಚೀಚೆ ಆದರೂ ಎಳೆತ ಹೋಯಿತು.

ಕಿಡಿಯ ಕಥೆ ಇನ್ನೂ ಹಳೆಯದು. ಜರ್ಮನಿಯ ಬಾಷ್ ಕಂಪನಿಯಲ್ಲಿ 1902ರಲ್ಲಿ ಹೊನೋಲ್ಡ್ ಎಂಬಾತ ಸ್ಪಾರ್ಕ್ ಪ್ಲಗ್ ಜೊತೆಗಿನ ಹೈ ವೋಲ್ಟೇಜ್ ಮ್ಯಾಗ್ನೆಟೋ ಮಾಡಿದ. ಆ ಕಾಲದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಿಡಿಯನ್ನು ಹಿಂದೆ ಮುಂದೆ ಮಾಡಲು ಸ್ಟೀರಿಂಗ್ ಹತ್ತಿರವೇ ಒಂದು ಹಿಡಿ ಇತ್ತು, ಡ್ರೈವರನೇ ತಾಳ ಹಾಕಬೇಕು! ಆಮೇಲೆ ಆ ಕೆಲಸ ಡಿಸ್ಟ್ರಿಬ್ಯೂಟರಿನ ಒಳಗಿನ ತೂಕ, ಸ್ಪ್ರಿಂಗುಗಳಿಗೆ ಹೋಯಿತು. 1951ರಲ್ಲಿ ಅದೇ ಬಾಷ್ ಜೊತೆಗಾರಿಕೆಯಲ್ಲಿ ಬೆಂಗಳೂರಿನ ಮೈಕೋ ಹುಟ್ಟಿತು. ನಮ್ಮ ಕಾರುಗಳ ಸ್ಪಾರ್ಕ್ ಪ್ಲಗ್ಗೂ ಲಾರಿಗಳ ಡೀಸೆಲ್ ಪಂಪೂ ಕರ್ನಾಟಕದಲ್ಲೇ ತಯಾರಾದವು.

ಅಂಬಾಸಡರ್ ಕಾಲದ ಮೇಸ್ತ್ರಿಗಳ ಕೆಲಸ ನೋಡಿ. ನಾಲ್ಕು ಸ್ಟ್ರೋಕಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಕ್ರ್ಯಾಂಕ್ ಪುಲ್ಲಿಯ ಗುರುತು ಎರಡು ಸಲವೂ ಸರಿಯಾಗೇ ಕಾಣುತ್ತದೆ. ಯಾವುದು ನಿಜ? ಒಂದನೇ ಪ್ಲಗ್ಗಿನ ತೂತಿಗೆ ಹೆಬ್ಬೆರಳಿಟ್ಟು ಕ್ರ್ಯಾಂಕ್ ತಿರುಗಿಸಿದರೆ ಗಾಳಿ ಬೆರಳನ್ನು ತಳ್ಳಿದ್ದೇ ನಿಜ. ಆಗ ರೋಟರ್ ಒಂದನೇ ವೈರಿನ ಕಡೆ ನೋಡುತ್ತಿರಬೇಕು. ಮುಂದಿನ ಕ್ರಮ 1-3-4-2. ಇಲ್ಲಿ ತಪ್ಪಿದರೆ ಕಾರ್ಬುರೇಟರಿನಿಂದಲೇ ಢಂ ಅಂತ ಉತ್ತರ ಬರುತ್ತದೆ! ಕೊನೆಗೆ ಪಾಯಿಂಟಿನ ತಂತಿಗೂ ಬಾಡಿಗೂ ಒಂದು ಬಲ್ಬ್ ಸಿಕ್ಕಿಸಿ ಡಿಸ್ಟ್ರಿಬ್ಯೂಟರ್ ಮೆಲ್ಲಗೆ ತಿರುಗಿಸುವುದು. ಪಾಯಿಂಟ್ ಬಿಡುವ ಕ್ಷಣ ಬಲ್ಬ್ ಹತ್ತುತ್ತದೆ. ದೊಡ್ಡ ಮೆಷಿನ್ ಬೇಡ. ಬೆರಳು, ಬಲ್ಬ್, ಕಿವಿ ಸಾಕು. ಶೋರೂಮು ದೂರವಿದ್ದ ಊರುಗಳಿಗೆ ಇದೇ ಆಸರೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಚೈನಿನ ಜಾಗಕ್ಕೆ ರಬ್ಬರ್ ಬೆಲ್ಟ್ ಬಂತು. 2000ದ ಹೊತ್ತಿಗೆ ಹೊಗೆ ನಿಯಮ ಬಿಗಿಯಾದಂತೆ ಕಾರ್ಬುರೇಟರೂ ಡಿಸ್ಟ್ರಿಬ್ಯೂಟರೂ ಒಂದೊಂದಾಗಿ ಹೊರಟವು. ಕಿಡಿಯ ಕ್ಷಣ ಈಗ ಕಂಪ್ಯೂಟರಿನದ್ದು. ಅಂಬಾಸಡರ್ ತಯಾರಿಕೆಯೂ 2014ಕ್ಕೆ ನಿಂತಿತು.

ಹಾಗಂತ ವಿದ್ಯೆ ಸತ್ತಿಲ್ಲ. ಇವತ್ತಿನ ಕಾರಿನ ಎಂಜಿನ್ ಇಳಿಸಿ ಕಟ್ಟಿದರೂ ಚೈನೋ ಬೆಲ್ಟೋ ಕೂಡಿಸುವಾಗ ಗುರುತು ನೋಡಬೇಕಾದ್ದು ಮನುಷ್ಯನ ಕಣ್ಣೇ. ಅಳಿಯುತ್ತಿರುವುದು ಹೆಬ್ಬೆರಳು, ಬಲ್ಬು, ಕಿವಿಯ ಆ ಭಾಗ. ಪಕ್ಕದಲ್ಲಿ ನಿಂತು ಪಾನಾ ಕೊಡುತ್ತಾ ಕಲಿತದ್ದು, ಕನ್ನಡದಲ್ಲಿ ಬರೆದಿಟ್ಟದ್ದು ತೀರಾ ಕಡಿಮೆ. ಎಣ್ಣೆ ಮಿಲ್ಲು, ಮಗ್ಗಗಳ ಇತಿಹಾಸ ಬರೆಯುವವರು ಗ್ಯಾರೇಜಿನ ಕಡೆಗೂ ಒಮ್ಮೆ ಹೋಗಿ ಬರಬೇಕು. ನಿಮ್ಮೂರಲ್ಲಿ ಅಂಥ ಹಳೆಯ ಮೇಸ್ತ್ರಿ ಇದ್ದರೆ ಕೂತು ಕೇಳಿ, ಕೇಳಿದ್ದನ್ನು ಬರೆದಿಡಿ.