ಮೇಲ್ಮನವಿಯ ದಾರಿ: ಸಂಡೂರಿನಿಂದ ಧಾರವಾಡಕ್ಕೆ

ಸಂಡೂರು ತಾಲ್ಲೂಕಿನ ಯಶವಂತನಗರದ ರೈತನೊಬ್ಬನಿಗೆ ಹೊಲದ ಬದುವಿನ ತಗಾದೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಸೋಲಾಯಿತು ಎಂದಿಟ್ಟುಕೊಂಡರೆ, ಆತ ಕೊನೆಯ ಅಪೀಲಿಗೆ ಯಾವ ಊರಿಗೆ ಹೋಗಬೇಕು? ಇದಕ್ಕೆ ಉತ್ತರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. 1949ರ ಮಾರ್ಚ್‌ವರೆಗೆ ಅವನ ವ್ಯಾಜ್ಯ ಸಂಡೂರು ಸಂಸ್ಥಾನದೊಳಗೇ ಮುಗಿಯುತ್ತಿತ್ತು. ಆ ವರ್ಷದ ಏಪ್ರಿಲ್‌ನಿಂದ ಮದ್ರಾಸಿನ ದಾರಿ ಹಿಡಿಯಬೇಕಾಯಿತು. 1953ರ ಅಕ್ಟೋಬರ್‌ನಿಂದ ಬೆಂಗಳೂರು, 2008ರ ಜುಲೈನಿಂದ ಧಾರವಾಡ. ಊರು ಇದ್ದಲ್ಲೇ ಇದೆ, ಹೊಲವೂ ಇದ್ದಲ್ಲೇ ಇದೆ. ಆದರೆ ಒಂದೇ ತಲೆಮಾರಿನ ಅವಧಿಯಲ್ಲಿ ನಾಲ್ಕರಲ್ಲಿ ಮೂರು ಊರುಗಳ ಹೆಸರು ಬದಲಾದವು.

ನ್ಯಾಯಾಂಗದ ವಿಸ್ತರಣೆ ಎಂದರೆ ಸಾಮಾನ್ಯವಾಗಿ ಹೊಸ ಕಟ್ಟಡ, ಹೊಸ ನ್ಯಾಯಮೂರ್ತಿಗಳ ಪ್ರಮಾಣವಚನ ಇಷ್ಟೇ ಕಣ್ಣಿಗೆ ಬೀಳುತ್ತದೆ. ಆದರೆ ಅದರ ಒಳತಿರುಳು ಬೇರೆ. ಕಾನೂನು ಕೊಟ್ಟಿರುವ ಅಪೀಲಿನ ಹಕ್ಕನ್ನು ಒಬ್ಬ ಸಾಮಾನ್ಯ ಮನುಷ್ಯ ನಿಜವಾಗಿ ಬಳಸಬಲ್ಲನೇ ಎಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಕೋರ್ಟು ಎಷ್ಟು ದೂರವಿದೆ, ಮತ್ತು ಅಲ್ಲಿ ಕೇಳಲು ಎಷ್ಟು ಮಂದಿ ಕುಳಿತಿದ್ದಾರೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸೀಮೆ ಈ ಎರಡನ್ನೂ ಅರಿಯಲು ಒಳ್ಳೆಯ ಉದಾಹರಣೆ.

ಅಪೀಲೇ ಇಲ್ಲದ ದರ್ಬಾರು

1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಅಲ್ಲಿನ ನ್ಯಾಯದಾನದ ಬಗೆಯನ್ನು ಬರೆದಿಟ್ಟಿದ್ದಾನೆ. ಅರಮನೆಯ ಬಳಿಯ ಕಂಬಗಳ ಮಂಟಪದಲ್ಲಿ ದಣ್ಣಾಯಕ ಎತ್ತರದ ಪೀಠದ ಮೇಲೆ ಕೂರುತ್ತಿದ್ದ. ಎರಡೂ ಬದಿಗೆ ದಂಡ ಹಿಡಿದ ಭಟರ ಸಾಲು. ಅಹವಾಲು ತಂದವನು ಆ ಸಾಲಿನ ನಡುವೆ ನಡೆದು ಬಂದು, ಚಿಕ್ಕದೊಂದು ಕಾಣಿಕೆ ಒಪ್ಪಿಸಿ, ಅಡ್ಡಬಿದ್ದು, ಎದ್ದು ನಿಂತು ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದ. ದಣ್ಣಾಯಕ ದೇಶದ ನ್ಯಾಯಪದ್ಧತಿಯಂತೆ ಆಜ್ಞೆ ಕೊಟ್ಟ ಮೇಲೆ ಬೇರೆ ಯಾರೂ ಅದಕ್ಕೆ ಎದುರಾಡುವಂತಿರಲಿಲ್ಲ.

ಆ ಕಾಲದ ಪರದೇಶಿಯೊಬ್ಬನಿಗೆ ಇದು ಶಿಸ್ತಿನ ಗುರುತಾಗಿ ಕಂಡಿರಬಹುದು. ಇಂದಿನ ನ್ಯಾಯವ್ಯವಸ್ಥೆ ನಿಂತಿರುವುದು ಇದಕ್ಕೆ ವಿರುದ್ಧವಾದ ನಂಬಿಕೆಯ ಮೇಲೆ. ಯಾವ ನ್ಯಾಯಾಧೀಶನೂ ತಪ್ಪಬಹುದು. ಆದ್ದರಿಂದ ಅವನ ಮೇಲೆ ಇನ್ನೊಬ್ಬ ಇರಬೇಕು. ಆದರೆ ಆ ‘ಇನ್ನೊಬ್ಬ’ ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಎರಡು ಶತಮಾನಗಳಿಂದ ಬಳ್ಳಾರಿ ಸೀಮೆಯನ್ನು ಬೆನ್ನು ಬಿಡದೆ ಕಾಡಿದೆ.

ಹೊಳೆಯ ಆಚೆ, ಈಚೆ

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಈ ಸೀಮೆಯ ಅಪೀಲುಗಳಿಗೆ ಮದ್ರಾಸೇ ಕೊನೆಯ ತಾಣವಾಯಿತು. ಮೊದಲು ಅಲ್ಲಿದ್ದುದು ಸದರ್ ಅದಾಲತ್. 1862ರಲ್ಲಿ ಅದು ಹೊಸದಾಗಿ ಸ್ಥಾಪನೆಯಾದ ಮದ್ರಾಸ್ ಹೈಕೋರ್ಟಿನಲ್ಲಿ ವಿಲೀನವಾಯಿತು. ರೈಲು ಬಂದ ಮೇಲೂ ಹೊಸಪೇಟೆಯವರಿಗೆ ಗುಂತಕಲ್ ಮಾರ್ಗವಾಗಿ ಮದ್ರಾಸು ಮುಟ್ಟುವುದು ಸುಲಭದ ಮಾತಾಗಿರಲಿಲ್ಲ.

ತುಂಗಭದ್ರೆಯ ಆಚೆ ದಡದ ಕತೆಯೇ ಬೇರೆ. ಹಂಪಿಯಿಂದ ಹರಿಗೋಲಿನಲ್ಲಿ ದಾಟಿದರೆ ಸಿಗುವ ಆನೆಗೊಂದಿ, ಅದರಾಚೆಯ ಗಂಗಾವತಿ, ಕೊಪ್ಪಳಗಳು ನಿಜಾಮನ ರಾಜ್ಯದಲ್ಲಿದ್ದವು. ಹಂಪಿ, ಕಂಪ್ಲಿಯವರು ಮದ್ರಾಸಿಗೆ ಅಪೀಲು ಒಯ್ದರೆ, ಕೂಗಿದರೆ ಕೇಳಿಸುವಷ್ಟು ಹತ್ತಿರದ ಆನೆಗೊಂದಿಯವರು ಹೈದರಾಬಾದಿಗೆ ಹೋಗಬೇಕಿತ್ತು. ಒಂದೇ ಭಾಷೆ, ಒಂದೇ ಸಂತೆ, ಒಂದೇ ನೆಂಟಸ್ತಿಕೆಯ ಜನ. ನಡುವೆ ಹೊಳೆಯೊಂದೇ. ಆದರೆ ಅವರ ಹೈಕೋರ್ಟುಗಳು ನೂರಾರು ಕಿಲೋಮೀಟರ್ ದೂರ, ಅದೂ ಬೇರೆ ಬೇರೆ ದಿಕ್ಕಿಗೆ.

ಬಳ್ಳಾರಿ ಜಿಲ್ಲೆಯಿಂದಲೇ ಸುತ್ತುವರಿದಿದ್ದ ಘೋರ್ಪಡೆ ಅರಸರ ಸಂಡೂರು ಇನ್ನೂ ಭಿನ್ನ. ಅದು ದೇಶೀಯ ಸಂಸ್ಥಾನವಾಗಿದ್ದುದರಿಂದ ಪ್ರಜೆಗಳ ದಿನನಿತ್ಯದ ವ್ಯಾಜ್ಯಗಳಿಗೆ ಮದ್ರಾಸ್ ಹೈಕೋರ್ಟಿನ ಅಧಿಕಾರ ಅಲ್ಲಿಗೆ ಚಾಚುತ್ತಿರಲಿಲ್ಲ. ನ್ಯಾಯ ಹತ್ತಿರದಲ್ಲಿತ್ತು ಎನ್ನಬಹುದು. ಆದರೆ ಹತ್ತಿರ ಎಂಬುದೇ ಎಲ್ಲವೂ ಅಲ್ಲ. ಆಳುವವರ ನೆರಳಿನಲ್ಲೇ ಕೋರ್ಟು ಇದ್ದಾಗ, ಆಡಳಿತದ ವಿರುದ್ಧ ಅಹವಾಲು ಇರುವವನಿಗೆ ಹೊರಗಿನ, ಸ್ವತಂತ್ರವಾದ ಮೇಲ್ಕೋರ್ಟು ಬೇಕು ಎನಿಸುವುದು ಸಹಜ. 1949ರ ಏಪ್ರಿಲ್ 1ರಂದು ಸಂಡೂರು ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಗಿ ಬಳ್ಳಾರಿ ಜಿಲ್ಲೆಯ ಭಾಗವಾದಾಗ ಅಲ್ಲಿನವರಿಗೆ ಸ್ವತಂತ್ರ ಹೈಕೋರ್ಟು ದೊರೆಯಿತು. ಅದರ ಜೊತೆಗೆ ಐನೂರು ಕಿಲೋಮೀಟರ್ ಆಸುಪಾಸಿನ ಪ್ರಯಾಣವೂ ಗಂಟುಬಿತ್ತು.

ಗಡಿ ಸರಿದಾಗ ಕಡತವೂ ಸರಿಯಿತು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರು ರಾಜ್ಯಕ್ಕೆ ಸೇರಿದವು. ಈ ಏಳು ತಾಲ್ಲೂಕುಗಳ ಹೈಕೋರ್ಟು ಅಂದಿನಿಂದ ಬೆಂಗಳೂರಿನದಾಯಿತು.

ಬೆಂಗಳೂರಿನ ಹೈಕೋರ್ಟಿಗೂ ತನ್ನದೇ ಬೆಳವಣಿಗೆಯ ಚರಿತ್ರೆಯಿದೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದ ನಂತರ, 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಆಗಿ ಅದು ಆರಂಭವಾಯಿತು. 1930ರಲ್ಲಿ ಹೈಕೋರ್ಟ್ ಎಂಬ ಹೆಸರು ಪಡೆಯಿತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಅದರ ಹೊಣೆ ಒಮ್ಮೆಗೇ ಹಿಗ್ಗಿತು. ಅದುವರೆಗೆ ಮುಂಬೈಗೆ ಹೋಗುತ್ತಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಅಪೀಲುಗಳು, ಹೈದರಾಬಾದಿಗೆ ಹೋಗುತ್ತಿದ್ದ ಬೀದರ್, ಗುಲ್ಬರ್ಗ, ರಾಯಚೂರಿನವು, ಮದ್ರಾಸಿಗೆ ಹೋಗುತ್ತಿದ್ದ ಮಂಗಳೂರಿನವು ಎಲ್ಲವೂ ಬೆಂಗಳೂರಿನ ಅಠಾರಾ ಕಚೇರಿಗೆ ಬಂದು ಸೇರಿದವು.

ಆಂಧ್ರಕ್ಕೆ ಹೋದ ತಾಲ್ಲೂಕುಗಳ ಪಾಡನ್ನು ನೋಡಿದರೆ ಬಳ್ಳಾರಿಯದೇ ವಾಸಿ. ಕನ್ನಡಿಗರು ಗಣನೀಯವಾಗಿರುವ ರಾಯದುರ್ಗ, ಆದೋನಿಯವರ ಹೈಕೋರ್ಟು ಮೊದಲು ಮದ್ರಾಸಿನಲ್ಲಿತ್ತು. 1954ರಲ್ಲಿ ಗುಂಟೂರಿಗೆ, 1956ರಲ್ಲಿ ಹೈದರಾಬಾದಿಗೆ, 2019ರ ಜನವರಿ 1ರಿಂದ ಅಮರಾವತಿಗೆ ಅದು ಬದಲಾಯಿತು. ಗಡಿ ಎಳೆಯುವವರು ಭಾಷೆ, ನೀರು, ರಾಜಧಾನಿಯ ಬಗ್ಗೆ ಬಹಳ ಚರ್ಚಿಸುತ್ತಾರೆ. ಅಪೀಲಿನ ದಾರಿಯ ಬಗ್ಗೆ ಚರ್ಚಿಸುವವರು ಕಡಿಮೆ.

ಪೀಠಕ್ಕಾಗಿ ಹೋರಾಟ

ಉತ್ತರ ಕರ್ನಾಟಕದ ಜನರಿಗೆ ಸ್ವಂತ ರಾಜ್ಯ ದೊರೆತರೂ ದೂರ ಕರಗಲಿಲ್ಲ. ಬೀದರ್‌ನಿಂದ ಬೆಂಗಳೂರಿಗೆ ಏಳುನೂರು ಕಿಲೋಮೀಟರ್ ಆಸುಪಾಸು. ಹೊಸಪೇಟೆಯಿಂದಲೂ ಮುನ್ನೂರು ಮೀರುತ್ತದೆ. ಕಾಯಿದೆಯ ಗಡಿಯಾರ ಮಾತ್ರ ಎಲ್ಲರಿಗೂ ಒಂದೇ. ಸಿವಿಲ್ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲು ಹಾಕಲು 90 ದಿನ; ಮರಣದಂಡನೆ ಬಿಟ್ಟು ಉಳಿದ ಶಿಕ್ಷೆಗಳ ಮೇಲೆ 60 ದಿನ. ಅಷ್ಟರೊಳಗೆ ತೀರ್ಪಿನ ನಕಲು ಪಡೆದು, ಕನ್ನಡದ ಕಾಗದಪತ್ರಗಳನ್ನು ಇಂಗ್ಲಿಷಿಗೆ ಮಾಡಿಸಿ, ಗುರುತು ಪರಿಚಯವಿಲ್ಲದ ಊರಿನಲ್ಲಿ ವಕೀಲರನ್ನು ಹುಡುಕಬೇಕು. ಆಮೇಲೆ ವಾಯಿದೆಯಿಂದ ವಾಯಿದೆಗೆ ಬಸ್ಸು, ರೈಲು, ಲಾಡ್ಜಿನ ಖರ್ಚು. ಎರಡೆಕರೆ ಹೊಲದ ತಗಾದೆಗೆ ಇಷ್ಟು ಮಾಡಿದರೆ ಗೆದ್ದರೂ ಸೋತಂತೆಯೇ. ಹೀಗಾಗಿ ಅಪೀಲನ್ನೇ ಕೈಬಿಟ್ಟು ಮನೆಯಲ್ಲಿ ಕುಳಿತವನ ಲೆಕ್ಕ ಯಾವ ಕೋರ್ಟಿನ ಕಡತದಲ್ಲೂ ಸಿಗುವುದಿಲ್ಲ. ಬಾಕಿ ಪ್ರಕರಣಗಳ ಪಟ್ಟಿಯಲ್ಲಿ ಬರುವುದು ಬಾಗಿಲು ತಟ್ಟಿದವರು ಮಾತ್ರ.

ಈ ಕಷ್ಟವೇ ಹೈಕೋರ್ಟ್ ಪೀಠದ ಬೇಡಿಕೆಯನ್ನು ಬೆಳೆಸಿತು. ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಗುಲ್ಬರ್ಗದ ವಕೀಲರು ಕಲಾಪ ಬಹಿಷ್ಕರಿಸಿ ಬೀದಿಗಿಳಿದರು. ವಿರೋಧದ ವಾದಗಳೂ ಹಗುರವಾಗಿರಲಿಲ್ಲ. ಹೈಕೋರ್ಟು ಒಡೆದರೆ ಕಾನೂನಿನ ವ್ಯಾಖ್ಯಾನದಲ್ಲಿ ಏಕರೂಪತೆ ತಪ್ಪುತ್ತದೆ, ಅನುಭವಿ ವಕೀಲರ ಬಳಗ ಚದುರುತ್ತದೆ, ಇರುವ ಕೆಲವೇ ನ್ಯಾಯಮೂರ್ತಿಗಳನ್ನು ಹಂಚಿದರೆ ಎಲ್ಲೆಡೆಯೂ ಕೊರತೆಯಾಗುತ್ತದೆ ಎಂಬುವು ಅವುಗಳಲ್ಲಿ ಮುಖ್ಯ.

ದಾರಿ ತೋರಿಸಿದ್ದು 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ 51ನೇ ಕಲಮು. ಅದರಲ್ಲಿ ಎರಡು ಬಗೆಯ ವ್ಯವಸ್ಥೆಗಳಿವೆ. ರಾಜ್ಯಪಾಲರ ಒಪ್ಪಿಗೆ ಪಡೆದು ಮುಖ್ಯ ನ್ಯಾಯಮೂರ್ತಿಗಳು ಬೇರೆ ಊರಿನಲ್ಲಿ ನ್ಯಾಯಮೂರ್ತಿಗಳನ್ನು ಕೂರಿಸಬಹುದು. ಇದು ಸಂಚಾರಿ ಪೀಠ. ರಾಜ್ಯಪಾಲರು ಮತ್ತು ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ರಾಷ್ಟ್ರಪತಿಗಳು ಆದೇಶ ಹೊರಡಿಸಿದರೆ ಅದು ಕಾಯಂ ಪೀಠ. ಮಹಾರಾಷ್ಟ್ರದಲ್ಲಿ 1981ರಲ್ಲಿ ಔರಂಗಾಬಾದ್‌ನಲ್ಲಿ ನ್ಯಾಯಮೂರ್ತಿಗಳು ಕೂತದ್ದು ಇದೇ ಕಲಮಿನ ಬಲದಿಂದ. 2025ರ ಆಗಸ್ಟ್‌ನಲ್ಲಿ ಕೊಲ್ಹಾಪುರದಲ್ಲಿ ಸಂಚಾರಿ ಪೀಠ ತೆರೆದದ್ದೂ ಹಾಗೆಯೇ.

ಕರ್ನಾಟಕದಲ್ಲಿ 2008ರ ಜುಲೈ 4ರಂದು ಧಾರವಾಡದಲ್ಲಿ, ಮರುದಿನ ಗುಲ್ಬರ್ಗದಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಆದೇಶದಂತೆ ಎರಡೂ ಕಾಯಂ ಆದವು. ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಳ್ಳಾರಿ ಜಿಲ್ಲೆಗಳು ಧಾರವಾಡ ಪೀಠಕ್ಕೆ ಬಂದವು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಇನ್ನೊಂದು ಪೀಠಕ್ಕೆ. ಹೊಸಪೇಟೆಯವರ ದಾರಿ ಇನ್ನೂರು ಕಿಲೋಮೀಟರಿನೊಳಗೆ ಇಳಿಯಿತು.

ಇಲ್ಲೊಂದು ಸ್ವಾರಸ್ಯವಿದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ವಿಶೇಷ ಸ್ಥಾನಮಾನಕ್ಕೆ ಬಳ್ಳಾರಿ ಕಲಬುರಗಿಯ ಜೊತೆಗಿದೆ. ಹೈಕೋರ್ಟಿಗೆ ಧಾರವಾಡದ ಜೊತೆಗಿದೆ. ಅಭಿವೃದ್ಧಿಯ ನಕ್ಷೆ ಚರಿತ್ರೆ ಮತ್ತು ಹಿಂದುಳಿದಿರುವಿಕೆಯನ್ನು ನೋಡಿದರೆ, ಕೋರ್ಟಿನ ನಕ್ಷೆ ರಸ್ತೆ ಮತ್ತು ರೈಲನ್ನು ನೋಡಿತು. ಕೊಪ್ಪಳವೂ ಧಾರವಾಡಕ್ಕೇ ಸೇರಿದ್ದರಿಂದ, 1956ರ ನಂತರ ಬೆಂಗಳೂರಿನಲ್ಲಿ ಒಂದಾಗಿದ್ದ ಹಂಪಿ, ಆನೆಗೊಂದಿಗಳ ಅಪೀಲಿನ ದಾರಿ ಈಗಲೂ ಒಂದೇ. 2021ರಲ್ಲಿ ಹೊಸಪೇಟೆ ಹೊಸ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಜಿಲ್ಲೆ ಎರಡಾದರೂ ಹೈಕೋರ್ಟಿನ ಬಾಗಿಲು ಎರಡಾಗಲಿಲ್ಲ.

ಪೀಠ ಬೇರೆ, ಕೋರ್ಟು ಬೇರೆಯಲ್ಲ

ಧಾರವಾಡದಲ್ಲಿರುವುದು ಬೇರೆ ಹೈಕೋರ್ಟಲ್ಲ ಎಂಬುದನ್ನು ಗಮನಿಸಬೇಕು. ಕರ್ನಾಟಕ ಹೈಕೋರ್ಟು ಒಂದೇ. ಯಾವ ನ್ಯಾಯಮೂರ್ತಿ ಎಷ್ಟು ಕಾಲ ಎಲ್ಲಿ ಕೂರಬೇಕು ಎಂಬುದನ್ನು ಮುಖ್ಯ ನ್ಯಾಯಮೂರ್ತಿಗಳು ನಿರ್ಧರಿಸುತ್ತಾರೆ. ಧಾರವಾಡದಲ್ಲಿ ಕೊಟ್ಟ ತೀರ್ಪು ಮಂಗಳೂರಿನ ಕೆಳ ಕೋರ್ಟಿಗೂ ಅನ್ವಯವಾಗುತ್ತದೆ. ಹೀಗಾಗಿ ಏಕರೂಪತೆ ತಪ್ಪುತ್ತದೆ ಎಂಬ ಭಯಕ್ಕೆ ವ್ಯವಸ್ಥೆಯೊಳಗೇ ಉತ್ತರವಿದೆ. ಅಮೆರಿಕದಲ್ಲಿ ಇದೇ ಸಮಸ್ಯೆಗೆ ಕಂಡುಕೊಂಡ ದಾರಿ ಬೇರೆ. ಅಲ್ಲಿನ ಫ್ಲಾರಿಡಾ ರಾಜ್ಯ ಅಪೀಲುಗಳಿಗೆಂದು ರಾಜ್ಯವನ್ನು ವಲಯಗಳಾಗಿ ಹಂಚಿ, ಪ್ರತಿ ವಲಯಕ್ಕೂ ಪ್ರತ್ಯೇಕ ಅಪೀಲು ಕೋರ್ಟು ಇಟ್ಟಿದೆ. 2023ರ ಜನವರಿಯಲ್ಲಿ ಆರನೆಯ ವಲಯ ಸೇರಿಕೊಂಡಿತು. ವಲಯಗಳ ತೀರ್ಪು ಪರಸ್ಪರ ಭಿನ್ನವಾದರೆ ಅಲ್ಲಿನ ಸುಪ್ರೀಂ ಕೋರ್ಟು ಬಗೆಹರಿಸಬೇಕು.

ಪೀಠ ತೆರೆದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ನ್ಯಾಯಮೂರ್ತಿಗಳ ಸಂಖ್ಯೆ. ಮೂವರಿಂದ ಆರಂಭವಾದ ಕೋರ್ಟಿಗೆ ಈಗ ಮಂಜೂರಾಗಿರುವ ಹುದ್ದೆಗಳು 62. ಅವುಗಳನ್ನು ತುಂಬುವುದು ರಾಜ್ಯದ ಕೈಯಲ್ಲಿಲ್ಲ. ನೇಮಕಾತಿ ದೆಹಲಿಯ ಮೂಲಕವೇ ಆಗಬೇಕು. ಕೆಳ ಹಂತದಲ್ಲೂ ಕೊರತೆ ಹಳೆಯದು. ಹತ್ತು ಲಕ್ಷ ಜನರಿಗೆ ಹತ್ತೂವರೆಯಷ್ಟಿರುವ ನ್ಯಾಯಾಧೀಶರ ಸಂಖ್ಯೆ 50ಕ್ಕೆ ಏರಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. 2002ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ನಿರ್ದೇಶಿಸಿತು. ಆದರೂ 2011ರ ಜನಗಣತಿಯ ಆಧಾರದಲ್ಲಿ ಲೆಕ್ಕ ಹಾಕಿದರೆ, ಮಂಜೂರಾದ ಹುದ್ದೆಗಳೇ ಹತ್ತು ಲಕ್ಷಕ್ಕೆ ಸುಮಾರು 21.

ಸಂಡೂರು ಸೀಮೆಯ ಅದಿರಿನ ದೊಡ್ಡ ವ್ಯಾಜ್ಯಗಳು ದೂರಕ್ಕೆ ಅಂಜುವುದಿಲ್ಲ. ಬಳ್ಳಾರಿಯ ಗಣಿಗಾರಿಕೆಯನ್ನು 2011ರಲ್ಲಿ ನಿಲ್ಲಿಸಿದ ಆದೇಶ ಬಂದದ್ದು ನೇರ ದೆಹಲಿಯ ಸುಪ್ರೀಂ ಕೋರ್ಟಿನಿಂದ. ಗಣಿ ಕಂಪನಿಗಳಿಗೆ ದೆಹಲಿಯೂ ಹತ್ತಿರವೇ. ಪೀಠಗಳು ಬೇಕಿರುವುದು ಬದುವಿನ ತಗಾದೆಯವನಿಗೆ, ಲಾರಿ ಅಪಘಾತದಲ್ಲಿ ಮಗನನ್ನು ಕಳೆದುಕೊಂಡು ಪರಿಹಾರ ಕಡಿಮೆಯಾಯಿತೆಂದು ಅಪೀಲು ಹಾಕಬೇಕಾದ ತಾಯಿಗೆ, ಜಾಮೀನಿಗಾಗಿ ಕಾದಿರುವ ಬಡ ಕೈದಿಗೆ. 2020ರ ನಂತರ ವಿಡಿಯೋ ಮೂಲಕ ವಿಚಾರಣೆ ಬಳಕೆಗೆ ಬಂದು ವಕೀಲರ ಓಡಾಟ ಕೆಲಮಟ್ಟಿಗೆ ತಗ್ಗಿದೆ. ಆದರೆ ಪರದೆಯ ಆ ತುದಿಯಲ್ಲಿ ಕೇಳುವವರು ಇರಬೇಕು. ದಣ್ಣಾಯಕನ ಮಂಟಪಕ್ಕೆ ಹೋದವನಿಗೆ ಅಪೀಲು ಇರಲಿಲ್ಲ, ಆದರೆ ಕೇಳುವವನೊಬ್ಬ ಎದುರಿಗೇ ಕೂತಿದ್ದ. ಅಪೀಲು ಇದ್ದೂ ಕುರ್ಚಿ ಖಾಲಿಯಿದ್ದರೆ ಯಶವಂತನಗರದ ರೈತನಿಗೆ ಧಾರವಾಡವೂ ಮದ್ರಾಸಿನಷ್ಟೇ ದೂರ.